ಪೋಲ್ ಕ್ಲಾಸೂ ಬೇಕು, ಜಿಮ್ಮೂ ಬೇಕು: ಮೊಣಕೈ, ಭುಜ ಕೆಡದ ಹಾಗೆ ವಾರವನ್ನು ಜೋಡಿಸುವುದು ಹೇಗೆ?

ಸೋಮವಾರ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು), ಮಂಗಳವಾರ ಪೋಲ್ ಕ್ಲಾಸ್ (ನೆಟ್ಟಗೆ ನಿಂತ ಲೋಹದ ಕಂಬದ ಮೇಲಿನ ನೃತ್ಯ-ವ್ಯಾಯಾಮ), ಬುಧವಾರ ಪುಲ್‌ಅಪ್ ಮತ್ತು ರೋ (ಭಾರವನ್ನು ಮೈಯತ್ತ ಎಳೆಯುವುದು), ಗುರುವಾರ ಕೆಟಲ್‌ಬೆಲ್ (ಹಿಡಿಕೆಯಿರುವ ಗುಂಡು) ಸರ್ಕ್ಯೂಟ್, ಶುಕ್ರವಾರ ಮತ್ತೆ ಪೋಲ್. ಬರೆದಿಟ್ಟು ನೋಡಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ವಾರಕ್ಕೆ ಎರಡು ದಿನ ರಜೆಯೂ ಇದೆ. ಬೆನ್ನಿನ ದಿನ, ಕಾಲಿನ ದಿನ, ಪೋಲ್ ದಿನ ಎಂದು ಬೇರೆ ಬೇರೆ ಹೆಸರಿಟ್ಟುಕೊಂಡಿರುವುದರಿಂದ ಎಲ್ಲಕ್ಕೂ ಸಾಕಷ್ಟು ವಿಶ್ರಾಂತಿ ಸಿಗುತ್ತಿದೆ ಅನ್ನಿಸುತ್ತದೆ. ಆದರೆ ಮುಂಗೈ ಪಾಲಿಗೆ ಆ ಐದೂ ದಿನ ಹಿಡಿಯುವ ಕೆಲಸವೇ. ಒಂದೇ ಬಾವಿಗೆ ಎರಡು ರಾಟೆ ಕಟ್ಟಿ ಎರಡೂ ಕಡೆಯಿಂದ ಸೇದಿದ ಹಾಗಾಗುತ್ತದೆ.

ಪೋಲ್‌ನಿಂದ ಬಿದ್ದು ಆಗುವ ಗಾಯದ ಬಗ್ಗೆ ಎಲ್ಲರಿಗೂ ಭಯ ಇರುತ್ತದೆ, ಇರಲೂಬೇಕು. ಎರಡು ಮೂರು ತಿಂಗಳಲ್ಲಿ ಸದ್ದಿಲ್ಲದೆ ಕೂಡಿಬರುವ ಮೊಣಕೈ ನೋವು, ಭುಜದ ನೋವನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಜಿಮ್ ಮತ್ತು ಪೋಲ್ ಎರಡನ್ನೂ ಗಟ್ಟಿಯಾಗಿ ಮಾಡುವವರು ಎಣಿಸಬೇಕಾದದ್ದು ವಾರಕ್ಕೆ ಎಷ್ಟು ದಿನ ವ್ಯಾಯಾಮ ಎಂಬುದನ್ನಲ್ಲ, ವಾರಕ್ಕೆ ಎಷ್ಟು ಸಲ ಹಿಡಿದು ಎಳೆದೆವು ಎಂಬುದನ್ನು.

ಪೋಲ್ ಹಿಡಿಯುವುದು ಬಾರ್ ಹಿಡಿದಂತಲ್ಲ

ಜಿಮ್‌ನ ಒಲಿಂಪಿಕ್ ಬಾರ್ ದಪ್ಪ 28 ಮಿಲಿಮೀಟರ್ ಆಸುಪಾಸು. ಮಹಿಳೆಯರ ಬಾರ್ 25. ಪೋಲ್ ಸ್ಟುಡಿಯೊಗಳಲ್ಲಿ ಈಗ ಹೆಚ್ಚಾಗಿ ಸಿಗುವುದು 45 ಮಿಲಿಮೀಟರ್, ಹಳೆಯವಾದರೆ 50. ಬಾರ್ ಹಿಡಿದಾಗ ಬೆರಳುಗಳು ಪೂರ್ತಿ ಸುತ್ತಿಕೊಂಡು ಹೆಬ್ಬೆರಳನ್ನು ದಾಟುತ್ತವೆ. ಪೋಲ್ ಹಿಡಿದಾಗ ಚಿಕ್ಕ ಕೈಯವರಿಗೆ ಬೆರಳ ತುದಿ ಹೆಬ್ಬೆರಳಿಗೆ ಸಿಗುವುದೇ ಕಷ್ಟ. ಬೆರಳು ಮಡಚದಷ್ಟೂ ಹಿಡಿತದ ಬಲ ಕಡಿಮೆ, ಮುಂಗೈ ದುಡಿಯಬೇಕಾದದ್ದು ಹೆಚ್ಚು.

ದಪ್ಪಕ್ಕಿಂತಲೂ ಮುಖ್ಯವಾದದ್ದು ದಿಕ್ಕು. ಅಡ್ಡ ಬಾರ್‌ಗೆ ಜೋತುಬಿದ್ದಾಗ ಮೈಭಾರ ಬೆರಳುಗಳ ಮಡಿಕೆಯ ಮೇಲೆ ಕೂರುತ್ತದೆ, ಜಾರಲು ದಾರಿಯಿಲ್ಲ. ನೆಟ್ಟಗೆ ನಿಂತ ಪೋಲ್‌ನಲ್ಲಿ ಕೈ ಕೆಳಕ್ಕೆ ಜಾರದಂತೆ ತಡೆಯುವುದು ಬರೀ ಘರ್ಷಣೆ. ಘರ್ಷಣೆ ಬೇಕೆಂದರೆ ಅದುಮಿ ಹಿಡಿಯಬೇಕು. ಅಂಗೈ ಬೆವೆತರೆ ಅದೇ ಭಾರಕ್ಕೆ ಇನ್ನೂ ಜೋರಾಗಿ ಅದುಮಬೇಕು. ಹಾಗಾಗಿ ಮೇ ತಿಂಗಳ ಮಂಗಳೂರಿನಲ್ಲಿ ಮಾಡುವ ಹತ್ತು ಕ್ಲೈಂಬೂ (ಪೋಲ್ ಏರುವುದು) ಡಿಸೆಂಬರ್‌ನ ಬೆಂಗಳೂರಿನಲ್ಲಿ ಮಾಡುವ ಹತ್ತು ಕ್ಲೈಂಬೂ ಮುಂಗೈಗೆ ಒಂದೇ ಅಲ್ಲ. ಲಿಕ್ವಿಡ್ ಚಾಕ್ ಹಚ್ಚುವುದು, ಪ್ರತಿ ಎರಡು ಮೂರು ಪ್ರಯತ್ನಕ್ಕೊಮ್ಮೆ ಪೋಲನ್ನು ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸುವುದು ಬರೀ ಜಾರದಿರಲಿ ಎಂದಲ್ಲ, ಮುಂಗೈ ಉಳಿಯಲಿ ಎಂದೂ ಹೌದು. ಕ್ಲಾಸಿನ ದಿನ ಕೈಕಾಲಿಗೆ ಕೊಬ್ಬರಿ ಎಣ್ಣೆ, ಬಾಡಿ ಲೋಷನ್ ಮುಟ್ಟಿಸಬೇಡಿ. ಚಳಿಗಾಲದ ಬೆಳಿಗ್ಗೆ ತಣ್ಣಗಿರುವ ಕ್ರೋಮ್ ಪೋಲ್ ಕೂಡ ಜಾರುತ್ತದೆ. ಮೊದಲ ಐದು ನಿಮಿಷ ಅಂಗೈ, ತೊಡೆ ತಿಕ್ಕಿ ಅದನ್ನು ಬೆಚ್ಚಗಾಗಿಸಿಕೊಳ್ಳಿ.

ನಮ್ಮ ಮಲ್ಲಕಂಬದ ಲೆಕ್ಕವೇ ಬೇರೆ. ಆ ಮರದ ಕಂಬ ಬುಡದಲ್ಲಿ ಸುಮಾರು 55 ಸೆಂಟಿಮೀಟರ್ ಸುತ್ತಳತೆಯದು. ಅದನ್ನು ತಬ್ಬಿ, ತೊಡೆ ಮತ್ತು ಪಾದಗಳಲ್ಲಿ ಅದುಮಿ ಏರುತ್ತಾರೆ. ಚರ್ಮ ಕಿತ್ತುಬರದಿರಲಿ ಎಂದು ಹರಳೆಣ್ಣೆಯನ್ನೂ ಹಚ್ಚುತ್ತಾರೆ. ಅಲ್ಲಿನ ಕಿವಿಮಾತನ್ನು ಹಾಗೇ ತಂದು ಲೋಹದ ಪೋಲ್‌ಗೆ ಅನ್ವಯಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮೊಣಕೈ ಒಳಬದಿಯ ಆ ಒಂದು ಜಾಗ

ತೋಳನ್ನು ಪಕ್ಕಕ್ಕೆ ಇಳಿಬಿಟ್ಟು ಅಂಗೈಯನ್ನು ಮುಂದಕ್ಕೆ ತಿರುಗಿಸಿ. ಮೊಣಕೈಯ ಒಳಬದಿಯಲ್ಲಿ, ಅಂದರೆ ಸೊಂಟದ ಕಡೆಗೆ, ಒಂದು ಮೂಳೆಯ ಗುಬುಟು ಕೈಗೆ ಸಿಗುತ್ತದೆ. ಮಣಿಕಟ್ಟನ್ನು ಮಡಚುವ, ಬೆರಳನ್ನು ಬಿಗಿಯುವ ಸ್ನಾಯುಗಳಲ್ಲಿ ಹೆಚ್ಚಿನವು ಆ ಒಂದೇ ಗುಬುಟಿಗೆ ಒಂದೇ ಸ್ನಾಯುರಜ್ಜುವಿನಿಂದ ಅಂಟಿಕೊಂಡಿವೆ. ಡೆಡ್‌ಲಿಫ್ಟ್, ಪುಲ್‌ಅಪ್, ರೋ, ಕೆಟಲ್‌ಬೆಲ್ ಸ್ವಿಂಗ್, ಕ್ಲೈಂಬ್, ಇನ್ವರ್ಟ್ (ಪೋಲ್ ಹಿಡಿದು ತಲೆಕೆಳಗಾಗುವುದು) ಎಲ್ಲದರ ಹೊರೆಯೂ ಬಂದು ಬೀಳುವುದು ಅಲ್ಲಿಗೇ. ಡಾಕ್ಟರುಗಳು 'ಗಾಲ್ಫರ್ಸ್ ಎಲ್ಬೋ' ಎನ್ನುವ ನೋವಿನ ಜಾಗ ಇದು. ಗಾಲ್ಫ್ ಕೋಲನ್ನು ಮುಟ್ಟಿಯೂ ನೋಡದವರಿಗೆ ಬರಲು ಯಾವ ಅಡ್ಡಿಯೂ ಇಲ್ಲ.

ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ರಜ್ಜು ನಿಧಾನ. ಆರೆಂಟು ವಾರದಲ್ಲೇ ಬಲ ಹೆಚ್ಚಿದ್ದು ಗೊತ್ತಾಗುತ್ತದೆ, ರಜ್ಜು ಅದಕ್ಕೆ ಸರಿಯಾಗಿ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಜಿಮ್‌ನಲ್ಲಿ ಪಳಗಿ ಪೋಲ್‌ಗೆ ಬರುವವರು ಸಿಕ್ಕಿಬೀಳುವುದು ಇಲ್ಲೇ. ಹತ್ತು ಪುಲ್‌ಅಪ್ ಹೊಡೆಯುವ ಬಲ ಇರುವುದರಿಂದ ಮೊದಲ ತಿಂಗಳೇ ಇನ್ವರ್ಟ್ ಬಂದುಬಿಡುತ್ತದೆ. ಏನೂ ಬಲವಿಲ್ಲದೆ ಬಂದವರು ಆರು ತಿಂಗಳು ಸ್ಪಿನ್ (ಪೋಲ್ ಹಿಡಿದು ಸುತ್ತುವುದು), ಕ್ಲೈಂಬ್ ಮಾಡುತ್ತ ತಮಗರಿವಿಲ್ಲದೆ ರಜ್ಜುವನ್ನು ಹದ ಮಾಡಿಕೊಂಡಿರುತ್ತಾರೆ. ಕೊನೆಗೆ ಐಸ್ ಪ್ಯಾಕ್ ಹಿಡಿದು ಕೂರುವವರು ಹೆಚ್ಚಾಗಿ ಮೊದಲಿನವರು.

ಗಟ್ಟಿಯಾದ ಒಂದು ಸೆಷನ್ ಮುಗಿದ ಮೇಲೆ ರಜ್ಜುವಿನೊಳಗೆ ಕೊಲಾಜನ್ ಒಡೆಯುವುದು, ಕಟ್ಟುವುದು ಎರಡೂ ಚುರುಕಾಗುತ್ತವೆ. ಮೊದಲ 24ರಿಂದ 36 ಗಂಟೆ ಒಡೆಯುವುದರದ್ದೇ ಮೇಲುಗೈ. ಕಟ್ಟುವ ಕೆಲಸ ಮುಂದಾಗುವುದು ಆಮೇಲೆ. ಭಾರಿ ಹಿಡಿತದ ಎರಡು ಸೆಷನ್‌ಗಳ ನಡುವೆ 48 ಗಂಟೆ ಬಿಡಿ ಎನ್ನುವುದು ಈ ಕಾರಣಕ್ಕೆ. ಮೈಕೈ ನೋವು ಇಳಿದಿದೆಯೋ ಇಲ್ಲವೋ ಎಂಬುದು ಇಲ್ಲಿ ಅಳತೆಗೋಲಾಗದು; ರಜ್ಜು ನೋಯದೆಯೇ ಹಿಂದೆ ಬಿದ್ದಿರಬಹುದು.

ಈಗ ಎಣಿಸೋಣ. ಮೂರು ಮೀಟರ್ ಪೋಲ್ ಒಮ್ಮೆ ಏರಲು ನಾಲ್ಕು ಎಳೆತ. ಐದು ಕ್ಲೈಂಬ್‌ಗೆ 20. ಇನ್ವರ್ಟ್ ಪ್ರಯತ್ನ 10, ಸ್ಪಿನ್ 15. ಒಂದು ಕ್ಲಾಸಿಗೆ 45, ಎರಡು ಕ್ಲಾಸಿಗೆ 90. ಇವೆಲ್ಲ ಪೂರ್ತಿ ಮೈಭಾರದವು, ಸ್ಪಿನ್‌ನಲ್ಲಂತೂ ಹೆಚ್ಚಿನ ಭಾರ ಒಂದೇ ತೋಳಿನ ಮೇಲೆ. ಜಿಮ್‌ನಲ್ಲಿ ಪುಲ್‌ಅಪ್ 4 ಸೆಟ್ × 8 ಸಲ, ರೋ 4 × 10, ಡೆಡ್‌ಲಿಫ್ಟ್ 5 × 5, ಕೆಟಲ್‌ಬೆಲ್ ಸ್ವಿಂಗ್ 5 × 20 ಎಂದಿಟ್ಟುಕೊಳ್ಳಿ: 197. ವಾರದ ಮೊತ್ತ 287.

ಇದರಲ್ಲಿ ಕಾಲು, ಬೆನ್ನಿನ ಕೆಲಸವನ್ನು ಬಿಡದೆ ಹಿಡಿತವನ್ನಷ್ಟೇ ಕಡಿಮೆ ಮಾಡಬಹುದು. ಸ್ವಿಂಗ್ ಬದಲು ಹಿಪ್ ಥ್ರಸ್ಟ್ (ಬೆನ್ನನ್ನು ಬೆಂಚಿಗೆ ಊರಿ ಸೊಂಟ ಎತ್ತುವುದು). ಡೆಡ್‌ಲಿಫ್ಟ್ ಮತ್ತು ರೋಗೆ ಸ್ಟ್ರ್ಯಾಪ್, ಅಂದರೆ ಮಣಿಕಟ್ಟನ್ನು ಬಾರ್‌ಗೆ ಕಟ್ಟುವ ಪಟ್ಟಿ. ಪುಲ್‌ಅಪ್ 3 × 5 ಸಾಕು, ಬೇಕಿದ್ದರೆ ಸೊಂಟಕ್ಕೆ ತೂಕ ಕಟ್ಟಿ. ಹಿಡಿತದ ಲೆಕ್ಕ 287ರಿಂದ 105ಕ್ಕೆ ಬಂತು. ಸ್ಟ್ರ್ಯಾಪ್ ಕಟ್ಟುವುದು ಮೋಸ, ಹಿಡಿತ ಬಲಿಯುವುದಿಲ್ಲ ಎನ್ನುವ ಟ್ರೇನರ್‌ಗಳು ಎಲ್ಲ ಜಿಮ್‌ನಲ್ಲೂ ಸಿಗುತ್ತಾರೆ. ಬೇರೆಯವರ ವಿಷಯದಲ್ಲಿ ಅವರ ಮಾತು ಸರಿಯಿರಬಹುದು. ವಾರಕ್ಕೆ 90 ಸಲ ಮೈಭಾರವನ್ನು 45 ಮಿಲಿಮೀಟರ್ ಪೋಲ್‌ನಲ್ಲಿ ಎಳೆಯುವವರಿಗೆ ಹಿಡಿತದ ಕೊರತೆ ಇಲ್ಲ.

ಆಮೇಲೆ ಈ ಮೊತ್ತವನ್ನು ವಾರದಿಂದ ವಾರಕ್ಕೆ ಶೇಕಡಾ ಹತ್ತು-ಹದಿನೈದಕ್ಕಿಂತ ಹೆಚ್ಚು ಏರಿಸದಿದ್ದರೆ ಒಳ್ಳೆಯದು. ಇದೇನೂ ಶಿಲಾಶಾಸನವಲ್ಲ. ಎರಡು ವಾರ ಊರಿಗೆ ಹೋಗಿ ಬಂದವರು ಬಿಟ್ಟ ಜಾಗದಿಂದಲೇ ಹಿಡಿಯುವುದನ್ನು ತಡೆಯಲು ಒಂದು ಅಂಕಿ ಬೇಕು, ಅಷ್ಟೆ. ಮೂರು ವಾರ ಏರಿಸಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ.

ಜಿಮ್‌ನಲ್ಲಿ ಏನು ಮಾಡಬೇಕು

ಪೋಲ್ ಕೊಡುವುದನ್ನೇ ಜಿಮ್‌ನಲ್ಲೂ ಮಾಡುವುದು ವ್ಯರ್ಥ. ಪೋಲ್ ಎಂದರೆ ಎಳೆಯುವುದು, ತೋಳನ್ನು ಮೈಗೆ ಒತ್ತುವುದು, ಭುಜವನ್ನು ಒಳಕ್ಕೆ ತಿರುಗಿಸುವುದು. ಅದು ಕಡಿಮೆ ಕೊಡುವುದು ತಲೆಯ ಮೇಲಕ್ಕೆ ತಳ್ಳುವುದು, ಭುಜವನ್ನು ಹೊರಕ್ಕೆ ತಿರುಗಿಸುವುದು, ಬೆರಳು ಬಿಡಿಸುವುದು.

ಹಾಗಾಗಿ ಡಂಬೆಲ್ ಓವರ್‌ಹೆಡ್ ಪ್ರೆಸ್ 3 ಸೆಟ್, 6ರಿಂದ 8 ರೆಪ್ಸ್. ರಬ್ಬರ್ ಬ್ಯಾಂಡ್ ಅಥವಾ ಕೇಬಲ್‌ನಲ್ಲಿ ಭುಜವನ್ನು ಹೊರಕ್ಕೆ ತಿರುಗಿಸುವುದು 3 × 15. ಮೊಣಕೈ ಪಕ್ಕೆಗೆ ಅಂಟಿರಬೇಕು, ನಡುವೆ ಒಂದು ಮಡಚಿದ ಟವೆಲ್ ಇಟ್ಟುಕೊಂಡರೆ ಮೊಣಕೈ ಜರುಗಿದ್ದು ತಕ್ಷಣ ಗೊತ್ತಾಗುತ್ತದೆ. ಫೇಸ್‌ಪುಲ್ (ಕೇಬಲ್ಲನ್ನು ಮುಖದತ್ತ ಎಳೆಯುವುದು) 3 × 15. ಅಂಗೈ ಕೆಳಮುಖವಾಗಿ 2ರಿಂದ 4 ಕಿಲೋ ಡಂಬೆಲ್ ಹಿಡಿದು ಮಣಿಕಟ್ಟನ್ನು ಮೇಲೆತ್ತುವುದು 3 × 15. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಡಿಸುವುದು 3 × 25; ಇದನ್ನು ಬಸ್ಸಿನಲ್ಲಿ ಕೂತೂ ಮಾಡಬಹುದು. ಪುಶ್‌ಅಪ್‌ಗೆ ಹಿಡಿಕೆ ಇಟ್ಟುಕೊಂಡರೆ ಮಣಿಕಟ್ಟು ನೆಟ್ಟಗಿರುತ್ತದೆ. ಬಾರ್‌ಗೆ ಜೋತು ಕಾಲೆತ್ತುವ ಬದಲು ಹೊಟ್ಟೆಯ ವ್ಯಾಯಾಮವನ್ನೆಲ್ಲ ಮಲಗಿಯೇ ಮಾಡಿ, ಅಲ್ಲೂ ಹಿಡಿತ ಉಳಿಯುತ್ತದೆ.

ಕಾಲಿಗೆ ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ (ಮಂಡಿ ತುಸುವೇ ಬಾಗಿಸಿ ಸೊಂಟದಿಂದ ಬಗ್ಗುವಂಥದ್ದು), ಸ್ಪ್ಲಿಟ್ ಸ್ಕ್ವಾಟ್. ಪ್ರತಿ ಸೆಟ್‌ನಲ್ಲೂ ಇನ್ನೆರಡು ರೆಪ್ಸ್ ಮಾಡಬಹುದಿತ್ತು ಅನ್ನುವಾಗಲೇ ನಿಲ್ಲಿಸಿ. ಆಗದೆ ಕೈಬಿಡುವವರೆಗೂ ಹೋಗುವುದು ಬರೀ ಜಿಮ್ ಮಾಡುವವರಿಗೆ ಸರಿಯೆನಿಸಬಹುದು. ನಾಳೆ ಸಂಜೆ ತಲೆಕೆಳಗಾಗಿ ನೇತಾಡಬೇಕಾದವರಿಗಲ್ಲ.

ವಾರ ಹೀಗೆ ಕೂರುತ್ತದೆ: ಸೋಮವಾರ ಸ್ಕ್ವಾಟ್ ಮತ್ತು ತಳ್ಳುವ ವ್ಯಾಯಾಮ. ಮಂಗಳವಾರ ಗಟ್ಟಿ ಪೋಲ್, ಅಂದರೆ ಹೊಸ ಇನ್ವರ್ಟ್‌ಗಳು, ಬರೀ ಕೈಬಲದಲ್ಲಿ ತಲೆಕೆಳಗಾಗಿ ನಿಲ್ಲುವ ಹ್ಯಾಂಡ್‌ಸ್ಪ್ರಿಂಗ್ ಪ್ರಯತ್ನಗಳು. ಬುಧವಾರ ಕೈಗೆ ರಜೆ. ಸೈಕಲ್ ಮತ್ತು ಉದ್ದನೆಯ ಸ್ಟ್ರೆಚಿಂಗ್. ಗುರುವಾರ ರೊಮೇನಿಯನ್ ಡೆಡ್‌ಲಿಫ್ಟ್, ರೋ, ಮೂರು ಸೆಟ್ ಪುಲ್‌ಅಪ್. ಶುಕ್ರವಾರ ಏನೂ ಇಲ್ಲ. ಶನಿವಾರ ಹಗುರ ಪೋಲ್: ಬಂದಿರುವ ಸ್ಪಿನ್‌ಗಳು, ನೆಲದ ಚಲನೆ, ಕೊರಿಯೋಗ್ರಫಿ. ಭಾನುವಾರ ರಜೆ. ಹಿಡಿತದ ಮೂರು ದಿನಗಳ ನಡುವೆ 48, 48, 72 ಗಂಟೆ ಸಿಕ್ಕವು. ಆಫೀಸಿನ ಕಾಟದಿಂದ ಎರಡನ್ನೂ ಒಂದೇ ದಿನ ಮಾಡಬೇಕಾಗಿ ಬಂದರೆ ಪೋಲ್ ಮೊದಲು, ಜಿಮ್ ಆಮೇಲೆ, ನಡುವೆ ಆರು ಗಂಟೆಯಾದರೂ ಇರಲಿ. ಜಿಮ್‌ನಲ್ಲಿ ಹಿಡಿತ ಸೋತು ಬಂದು ಇನ್ವರ್ಟ್ ಮಾಡುವುದು ಈ ಇಡೀ ವಿಷಯದಲ್ಲಿ ಅತ್ಯಂತ ಅಪಾಯದ ಕೆಲಸ. ಹತ್ತು ಸೆಂಟಿಮೀಟರ್ ದಪ್ಪದ ಕ್ರ್ಯಾಶ್ ಮ್ಯಾಟ್ ಬೆನ್ನಿಗೆ ಬೀಳುವ ಪೆಟ್ಟನ್ನು ತಗ್ಗಿಸುತ್ತದೆ, ತಲೆ ಕೆಳಗಾಗಿ ಬಿದ್ದಾಗ ಕತ್ತನ್ನು ಕಾಪಾಡುತ್ತದೆ ಎಂದು ನಂಬಿಕೊಳ್ಳಬೇಡಿ.

ಏದುಸಿರು ಬರಿಸುವ ಇಂಟರ್ವಲ್ ವ್ಯಾಯಾಮ ಬೇಕೆನ್ನುವವರು ಅದನ್ನು ಕಾಲಿಗೆ ವರ್ಗಾಯಿಸಿ. ಸೈಕಲ್ ಮೇಲೆ 30 ಸೆಕೆಂಡ್ ಜೋರು, 90 ಸೆಕೆಂಡ್ ನಿಧಾನ, ಎಂಟು ಸುತ್ತು. ರೋಯಿಂಗ್ ಮೆಷಿನ್, ಬರ್ಪಿ, ಬ್ಯಾಟಲ್ ರೋಪ್ ಮೂರೂ ಕೈ, ಮಣಿಕಟ್ಟಿನ ಖರ್ಚಿನಲ್ಲೇ ನಡೆಯುವಂಥವು. 'ನೂರು ಪುಲ್‌ಅಪ್ ಚಾಲೆಂಜ್' ಥರದ್ದನ್ನು ಪೋಲ್ ಇಲ್ಲದವರೂ ಬಿಡುವುದು ಮೇಲು. ಅಭ್ಯಾಸವಿಲ್ಲದ ಸ್ನಾಯುವನ್ನು ಒಂದೇ ದಿನ ಅಷ್ಟು ದುಡಿಸಿದರೆ ಅದು ಒಡೆದು ಒಳಗಿನ ದ್ರವ್ಯ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು. ತೋಳು ಊದಿಕೊಂಡು ಮಡಚಲಾಗದಿದ್ದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ.

ಇನ್ವರ್ಟ್ ಮಾಡುವಾಗ ಭುಜದಲ್ಲಿ ಆಗುವುದೇನು

ತೋಳು ನೀಟಾಗಿ ಚಾಚಿ, ಭುಜ ಕಿವಿಗೆ ತಾಗುವಷ್ಟು ಸಡಿಲ ಬಿಟ್ಟು ಜೋತುಬಿದ್ದರೆ ಭಾರ ಸ್ನಾಯುಗಳನ್ನು ಬಿಟ್ಟು ಕೀಲಿನ ಕವಚದ ಮೇಲೆ ಬೀಳುತ್ತದೆ. ಅದೇ ತೋಳಿನಲ್ಲಿ ಹೆಗಲ ಹಲಗೆ ಮೂಳೆಯನ್ನು ಎರಡು ಬೆರಳಷ್ಟು ಕೆಳಕ್ಕೆಳೆದುಕೊಂಡರೆ ಬೆನ್ನಿನ ಸ್ನಾಯುಗಳು ಭಾರ ಹೊರುತ್ತವೆ. ಕನ್ನಡಿಯಲ್ಲಿ ನೋಡಿದರೆ ಕತ್ತು ಉದ್ದವಾದಂತೆ ಕಾಣುವುದೇ ಇದರ ಗುರುತು. ಪ್ರತಿ ಸ್ಪಿನ್, ಪ್ರತಿ ಕ್ಲೈಂಬ್ ಶುರುವಾಗಬೇಕಾದದ್ದು ಇಲ್ಲಿಂದ.

ಇನ್ವರ್ಟ್‌ನಲ್ಲಿ ತಪ್ಪುವುದು ನೆಲದಿಂದ ಜಿಗಿದು ಕಾಲು ಬೀಸುವುದರಲ್ಲಿ. ಬೀಸಿದ ವೇಗಕ್ಕೆ ಸೊಂಟ ಮೇಲೆ ಹೋಗುತ್ತದೆ, ಹೋಗಲಿಲ್ಲವೋ ಅದೇ ವೇಗದಲ್ಲಿ ಕೆಳಕ್ಕೆ ಬರುತ್ತದೆ. ಆ ಜರ್ಕ್ ಮೇಲಿನ ಕೈಯ ಭುಜಕ್ಕೂ ಬೈಸೆಪ್ಸ್ ರಜ್ಜುವಿಗೂ ಒಟ್ಟಿಗೆ ಬಡಿಯುತ್ತದೆ. ಸರಿಯಾದ ಕ್ರಮ ಇದು: ಪೋಲ್ ಪಕ್ಕೆಗೆ ತಾಗುವಂತೆ ಒತ್ತಿ ನಿಂತು, ಕೈಗಳನ್ನು ಎದೆಯಿಂದ ಗಲ್ಲದ ಎತ್ತರದಲ್ಲಿ ಹಿಡಿಯಿರಿ. ಮೊಣಕೈ ಮಡಚಿ, ಹೆಗಲು ಕೆಳಗೆಳೆದು, ಎರಡೂ ಮಂಡಿಗಳನ್ನು ಎದೆಗೆ ತನ್ನಿ. ಅಲ್ಲೇ ಐದು ಸೆಕೆಂಡ್ ನಿಲ್ಲಿ. ನಿಲ್ಲಲಾಗದಿದ್ದರೆ ಇವತ್ತಿಗೆ ಇನ್ವರ್ಟ್ ಇಲ್ಲ. ನಿಂತಿರಾದರೆ ತಲೆ ಹಿಂದಕ್ಕೆ ಬಾಗಿಸಿ ಸೊಂಟ ಮೇಲೆ ತಿರುಗಿಸಿ. ಇಳಿಯುವಾಗ ಏರಿದ್ದಕ್ಕಿಂತ ನಿಧಾನವಾಗಿರಲಿ. ಇನ್ವರ್ಟ್ ಕಲಿಯಲು ಶುರುಮಾಡುವ ಮುನ್ನ ಬಾರ್‌ನಲ್ಲಿ 30 ಸೆಕೆಂಡ್ ಜೋತು, ತೋಳು ಮಡಚದೆ ಹೆಗಲನ್ನಷ್ಟೇ ಎಳೆಯುವುದು 10 ಸಲ, ಗಲ್ಲ ಬಾರ್ ಮೇಲಿಟ್ಟು 10 ಸೆಕೆಂಡ್, ಇಷ್ಟಾದರೂ ಕೈಗೂಡಿರಬೇಕು.

ಸ್ಪ್ಲಿಟ್ ಗ್ರಿಪ್‌ನಲ್ಲಿ ಮೇಲಿನ ಕೈ ಎಳೆಯುತ್ತದೆ, ಕೆಳಗಿನ ಕೈ ತಳ್ಳುತ್ತದೆ. ಕೆಳಗಿನ ಕೈಯ ತೋರುಬೆರಳು ಪೋಲ್ ಉದ್ದಕ್ಕೆ ಕೆಳಮುಖವಾಗಿದ್ದರೆ ಮಣಿಕಟ್ಟು ಅತಿಯಾಗಿ ಮಡಚದೆ ಉಳಿಯುತ್ತದೆ. ಮೊಣಕೈ ಹಿಂದಕ್ಕೆ ಬಾಗುವ ಸಡಿಲ ಕೀಲಿನವರು ಅದನ್ನು ಪೂರ್ತಿ ಲಾಕ್ ಮಾಡಬಾರದು, ಕೂದಲೆಳೆಯಷ್ಟು ಮಡಚಿರಲಿ. ಟ್ವಿಸ್ಟೆಡ್ ಗ್ರಿಪ್ ಇನ್ನೊಂದೇ ಕಥೆ: ತೋಳು ತಲೆಯ ಮೇಲೆ, ಹೆಬ್ಬೆರಳು ಕೆಳಗೆ, ಭುಜ ಪೂರ್ತಿ ಒಳಕ್ಕೆ ತಿರುಗಿ, ಅದರ ಮೇಲೆ ಮೈಭಾರ. ಇದನ್ನು ಕಲಿಸುವುದನ್ನೇ ಬಿಟ್ಟ ಬೋಧಕರಿದ್ದಾರೆ. ಅದರ ಹಿಂದಿನ ದಿನ ಭಾರಿ ಬೆಂಚ್‌ಪ್ರೆಸ್ ಮಾಡಿ ಎದೆ ಬಿಗಿದುಕೊಂಡಿದ್ದರೆ ಭುಜ ಇನ್ನಷ್ಟು ಮುಂದಕ್ಕೆ ಎಳೆಯಲ್ಪಟ್ಟಿರುತ್ತದೆ.

ಇನ್ನು ಬಲಗೈಯವರು ಎಲ್ಲವನ್ನೂ ಬಲಕ್ಕೇ ಮಾಡುತ್ತಾರೆ. ಎಡಗಡೆ ಚೆಂದ ಕಾಣುವುದಿಲ್ಲ, ವಿಡಿಯೊಗೆ ಬರುವುದಿಲ್ಲ. ಹೊಸ ಚಲನೆಯನ್ನು ಎಡದಿಂದ ಮೊದಲು ಕಲಿಯಿರಿ. ಬಲಗಡೆಯದು ತಾನೇ ಬಂದುಬಿಡುತ್ತದೆ.

ಸ್ಪ್ಲಿಟ್ ಮತ್ತು ತೊಡೆಯ ಹಿಂಭಾಗ

ಭಾರಿ ಡೆಡ್‌ಲಿಫ್ಟ್‌ನ ಮೈಕೈ ನೋವು 24ರಿಂದ 72 ಗಂಟೆಯೊಳಗೆ ಶಿಖರ ಮುಟ್ಟುತ್ತದೆ. ಆ ಹೊತ್ತಿಗೆ ಸ್ಪ್ಲಿಟ್‌ಗೆ (ಎರಡೂ ಕಾಲನ್ನು ಎದುರು ಬದುರಾಗಿ ಚಾಚಿ ನೆಲಕ್ಕೆ ಇಳಿಯುವುದು) ಕೂತರೆ ಎಳೆತದ ನೋವು ಯಾವುದು, ಹರಿಯುವ ನೋವು ಯಾವುದು ಎಂದು ಗೊತ್ತಾಗುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಉದ್ದನೆಯ ಸ್ಟ್ರೆಚಿಂಗ್ ಬುಧವಾರಕ್ಕೆ, ರೊಮೇನಿಯನ್ ಡೆಡ್‌ಲಿಫ್ಟ್ ಗುರುವಾರಕ್ಕೆ ಇರುವುದು ಇದಕ್ಕೇ. ತೊಡೆಯ ನಡುಭಾಗದಲ್ಲಿ ಎಳೆದಂತಾದರೆ ಚಿಂತೆಯಿಲ್ಲ. ಕೂತಾಗ ಕುರ್ಚಿಗೆ ತಾಗುವ ಮೂಳೆಯ ಹತ್ತಿರ ಚುಚ್ಚಿದರೆ ಅದು ರಜ್ಜು, ಎಳೆದಷ್ಟೂ ಹದಗೆಡುತ್ತದೆ. ಅಂಥವರು ಆರು ವಾರ ಸ್ಪ್ಲಿಟ್ ಬಿಟ್ಟು, ಮಲಗಿ ಹಿಮ್ಮಡಿ ಊರಿ ಸೊಂಟ ಎತ್ತಿ 30–45 ಸೆಕೆಂಡ್ ಹಿಡಿಯುವುದನ್ನು ದಿನಕ್ಕೆ ಐದು ಸಲ ಮಾಡಲಿ. 'ಟಪ್' ಎಂಬ ಸದ್ದಾಗಿ ಒಂದೆರಡು ದಿನದಲ್ಲಿ ತೊಡೆಯ ಹಿಂದೆ ನೀಲಿಗಟ್ಟಿದರೆ ಸ್ಕ್ಯಾನ್ ಮಾಡಿಸಲೇಬೇಕು. ಒಂದು ನಿಮಿಷ ಮೀರುವ ಸ್ಟ್ರೆಚ್‌ಗಳು ಕ್ಲಾಸಿನ ಕೊನೆಗಿರಲಿ. ಮೊದಲೇ ಮಾಡಿದರೆ ಸ್ನಾಯುವಿನ ಬಲ ತುಸು ಕುಗ್ಗುತ್ತದೆ.

ಊಟದ ವಿಷಯ ಚುಟುಕಾಗಿ: ಮೈತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೋಟೀನ್, 60 ಕಿಲೋದವರಿಗೆ 96 ಗ್ರಾಂ. ಅನ್ನ-ಸಾರಿನಲ್ಲಿ ಇದು ಬರುವುದಿಲ್ಲ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ 22 ಗ್ರಾಂ, 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸುಮಾರು 25, ಒಂದು ಮೊಟ್ಟೆಯಲ್ಲಿ 6. ಹಗುರಾದರೆ ಪೋಲ್ ಸುಲಭ ಎಂದು ಊಟ ಕಡಿಮೆ ಮಾಡುವವರಲ್ಲಿ ಮುಟ್ಟು ಸತತ ಮೂರು ತಿಂಗಳು ನಿಂತರೆ ಅದು ಮೂಳೆಗೂ ಕೆಟ್ಟ ಸೂಚನೆ, ಡಾಕ್ಟರನ್ನು ಕಾಣಬೇಕು.

ನೋವನ್ನು ಅಳೆಯುವುದು

ತೊಡೆ, ಮಂಡಿಯ ಹಿಂಭಾಗ, ಪಾದದ ಮೇಲಿನ ನೀಲಿ ಕಲೆಗಳು ಚರ್ಮ ಪಳಗಿದ ಹಾಗೆ ಕಡಿಮೆಯಾಗುತ್ತವೆ. ರಜ್ಜುವಿನ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಅಂಕ ಕೊಡಿ. ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಸಬಹುದು. ಮರುದಿನ ಹೆಚ್ಚಾಗಿದ್ದರೆ ನಿನ್ನೆಯ ಲೆಕ್ಕ ಜಾಸ್ತಿಯಾಯಿತು ಎಂದರ್ಥ. ರಾತ್ರಿ ನಿದ್ದೆ ಕೆಡಿಸುವ ಭುಜದ ನೋವು, ಬೆರಳುಗಳಲ್ಲಿ ಜುಮ್ಮೆನ್ನುವುದು, ಇದ್ದಕ್ಕಿದ್ದಂತೆ ಬಲ ಬಿಟ್ಟುಹೋಗುವುದು, ಈ ಮೂರಕ್ಕೆ ಅಂಕದ ಲೆಕ್ಕ ಬೇಡ, ಫಿಸಿಯೋ ಅಥವಾ ಮೂಳೆತಜ್ಞರೇ ನೋಡಲಿ.

ಮೊಣಕೈ ಒಳಬದಿ ನೋಯತೊಡಗಿದರೆ ಪೂರ್ತಿ ವಿಶ್ರಾಂತಿ ತೆಗೆದುಕೊಂಡವರಿಗೆ ನೋವು ಇಳಿಯುತ್ತದೆ, ಪೋಲ್ ಹಿಡಿದ ದಿನ ಮರಳುತ್ತದೆ. ಹೊರೆ ಸಿಗದೆ ರಜ್ಜು ಇನ್ನಷ್ಟು ದುರ್ಬಲವಾಗಿರುವುದೇ ಕಾರಣ. ಬದಲಿಗೆ ಎರಡು ವಾರ ಹಿಡಿತದ ಮೊತ್ತವನ್ನು ಅರ್ಧ ಮಾಡಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲ್ಮುಖವಾಗಿ ಡಂಬೆಲ್ ಹಿಡಿದು, ಮಣಿಕಟ್ಟು ನೆಟ್ಟಗೆ 45 ಸೆಕೆಂಡ್, ಐದು ಸಲ, ದಿನವೂ. ಆಮೇಲೆ ಅದೇ ಭಂಗಿಯಲ್ಲಿ ಮೂರು ಸೆಕೆಂಡ್ ಎಣಿಸುತ್ತ ಇಳಿಸುವುದು 3 × 15, ದಿನ ಬಿಟ್ಟು ದಿನ. ಪೂರ್ತಿ ಸರಿಹೋಗಲು ಮೂರು ತಿಂಗಳೇ ಬೇಕಾಗಬಹುದು. ಮರಳುವ ಕ್ರಮದಲ್ಲಿ ಮೊದಲು ಪಾದ ನೆಲದಲ್ಲೇ ಇರುವ ಚಲನೆಗಳು, ಆಮೇಲೆ ಕಾಲಿನ ಹಿಡಿತ ಹೆಚ್ಚಿರುವ ಕ್ಲೈಂಬ್, ಪೋಲ್ ಸಿಟ್ (ತೊಡೆಯಲ್ಲಿ ಪೋಲ್ ಅದುಮಿ ಕೂರುವುದು); ಆಮೇಲೆ ಇನ್ವರ್ಟ್. ಸ್ಪಿನ್ ಮೋಡ್ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ತಿರುಗುವ ಪೋಲ್ ಮೈಯನ್ನು ಹೊರಕ್ಕೂ ಎಳೆಯುವುದರಿಂದ ಅದೇ ಭಂಗಿಗೆ ಹೆಚ್ಚು ಬಿಗಿ ಹಿಡಿತ ಬೇಕಾಗುತ್ತದೆ.